ವಿಜ್ಞಾನಕ್ಕೆ ಬೇಕಾದುದೇನು?



ವಿಜ್ಞಾನವೆಂದರೆ ಬೆಲೆಬಾಳುವ ಯಂತ್ರ, ಇಂಗ್ಲಿಷಿನ ದಪ್ಪ ಗ್ರಂಥ. ಕನ್ನಡ ಶಾಲೆಯವರಿಗೆ ಅದು ನಿಲುಕದು ಎಂಬ ಮಾತು ನಿಮ್ಮಲ್ಲಿ ಆಗಾಗ ಕೇಳಿಬರುತ್ತದೆ. ನಾನಿದನ್ನು ಒಪ್ಪಲಾರೆ. ಸರ್ ಸಿ. ವಿ. ರಾಮನ್ನರ ಜೀವನವೇ ಇದಕ್ಕೆ ಉತ್ತರ.

೧೮೮೮ರಲ್ಲಿ ಜನಿಸಿದ ಅವರು ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದಾಗಲೇ ಬೆಳಗೂ ಸಂಜೆಯೂ ಕಲ್ಕತ್ತೆಯ ಪ್ರಯೋಗಶಾಲೆಯೊಂದರಲ್ಲಿ ದುಡಿಯುತ್ತಿದ್ದರು. ೧೯೨೧ರ ಸಮುದ್ರಯಾನದಲ್ಲಿ ಕಡಲಿನ ನೀಲಿ ಅವರ ಮನಸ್ಸನ್ನು ಸೆಳೆಯಿತು. ಅದು ಆಕಾಶದ ಪ್ರತಿಬಿಂಬವೆಂದು ಹಿರಿಯ ವಿಜ್ಞಾನಿಗಳು ಹೇಳಿದ್ದರು. ರಾಮನ್ನರು ಪುಟ್ಟ ನಿಕಲ್ ಪಟ್ಟಕವೊಂದರಿಂದ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರು, ನೀಲಿ ಅಳಿಯಲಿಲ್ಲ. ನೀರು ತಾನೇ ಬೆಳಕನ್ನು ಚದರಿಸುತ್ತದೆಂದು ತಿಳಿದರು.

೧೯೨೮ರಲ್ಲಿ ಶಿಷ್ಯ ಕೆ. ಎಸ್. ಕೃಷ್ಣನ್ನರೊಡನೆ ಅವರು ಬಿಸಿಲನ್ನು ನೇರಳೆ ಶೋಧಕದ ಮೂಲಕ ದ್ರವದೊಳಗೆ ಹಾಯಿಸಿ, ಆ ನೇರಳೆಯನ್ನು ತಡೆಯುವ ಹಸಿರು ಶೋಧಕವನ್ನು ಕಣ್ಣಿಗೆ ಅಡ್ಡವಿಟ್ಟರು. ಕತ್ತಲೆಯಿರಬೇಕಾದಲ್ಲಿ ಮಸುಕು ಬೆಳಕು ಕಂಡಿತು! ಚದರಿದ ಬೆಳಕಿನ ಒಂದಂಶ ಬಣ್ಣವನ್ನೇ ಬದಲಿಸಿತ್ತು. ಸುಮಾರು ೬೦ ದ್ರವಗಳಲ್ಲಿ ಇದನ್ನು ಪರೀಕ್ಷಿಸಿದರು. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ೧೯೩೩ರಿಂದ ೧೯೭೦ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರೇ ಅವರ ಕರ್ಮಭೂಮಿಯಾಯಿತು.

ಇಲ್ಲಿ ಹೆಚ್ಚು ದುಡಿದುದು ಯಂತ್ರವಲ್ಲ, ಸಂದೇಹಪಟ್ಟ ಬುದ್ಧಿ. ಇನ್ನು ಭಾಷೆಯ ಮಾತು: ೧೯೧೮ರಷ್ಟು ಹಿಂದೆಯೇ ಭೌತಶಾಸ್ತ್ರದ ಅಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಇಂಗ್ಲಿಷನ್ನೂ ಮರಾಠಿಯನ್ನೂ ಚೆನ್ನಾಗಿ ಕಲಿಯಿರಿ; ಬೇಡವೆನ್ನೆನು. ಆದರೆ ಅದಕ್ಕಾಗಿ ಪ್ರಶ್ನೆಯನ್ನು ನಾಳೆಗೆ ಮುಂದೂಡಬೇಡಿರಿ.

ನಾಸಿಕದ ಗಂಗಾಪುರ ಜಲಾಶಯವನ್ನೋ ಛತ್ರಪತಿ ಸಂಭಾಜಿನಗರದ ಕಡೆಯ ಪೈಠಣದ ನಾಥಸಾಗರವನ್ನೋ ನೋಡಲು ಹೋದಾಗ, ಗೋದಾವರಿಯ ನೀರಿಗೆ ಈ ಬಣ್ಣವೇಕೆಂದು ಕನ್ನಡದಲ್ಲಿಯೇ ಕೇಳಿರಿ. ಯಾರಾದರೂ ಉತ್ತರ ಹೇಳಿದರೆ, ಅದನ್ನು ಪರೀಕ್ಷಿಸುವ ಬಗೆ ಹೇಗೆಂದು ಮತ್ತೆ ಕೇಳಿರಿ.