ಗೆಲುವಿಗೆ ಬೆಲೆಚೀಟಿ

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಗರಡಿಮನೆಗಳಲ್ಲಿ ಬರೆಯದ ನಿಯಮವೊಂದುಂಟು. ಸಾಹುಕಾರನ ಮಗನಿರಲಿ, ನೇಕಾರನ ಮಗನಿರಲಿ, ಕೆಮ್ಮಣ್ಣಿಗೆ ಇಳಿದ ಮೇಲೆ ಇಬ್ಬರಿಗೂ ಆಸರೆ ತಮ್ಮ ತೋಳ್ಬಲ ಮತ್ತು ಅಭ್ಯಾಸ ಮಾತ್ರ. ನಮ್ಮ ಮಕ್ಕಳು ಇಂದು ಮೊಬೈಲು, ಕಂಪ್ಯೂಟರುಗಳಲ್ಲಿ ಆಡುವ ಅನೇಕ ಆಟಗಳಲ್ಲಾದರೋ ಈ ನಿಯಮವೇ ತಲೆಕೆಳಗಾಗಿದೆ. ಅಲ್ಲಿ ಹಣ ತೆತ್ತವನಿಗೆ ಹೆಚ್ಚಿನ ಬಲ, ತೆರಲಾರದವನಿಗೆ ಸೋಲು.

2017ರ ನವೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ 'ಸ್ಟಾರ್ ವಾರ್ಸ್' ಚಿತ್ರಮಾಲಿಕೆಯನ್ನು ಆಧರಿಸಿದ 'ಬ್ಯಾಟಲ್‌ಫ್ರಂಟ್ 2' ಆಟವನ್ನು ಹೊರತಂದಿತು. ಆಟವನ್ನು ಪೂರ್ಣ ಬೆಲೆಗೆ ಕೊಂಡ ಮೇಲೂ, ಬಲ ಹೆಚ್ಚಿಸುವ ಕಾರ್ಡುಗಳ ಮುಚ್ಚಿದ ಪೆಟ್ಟಿಗೆಗಳನ್ನು ಹಣಕ್ಕೆ ಮಾರುವ ಏರ್ಪಾಡು ಅದರಲ್ಲಿತ್ತು. ಒಳಗೆ ಏನು ಸಿಕ್ಕೀತೆಂಬುದು ಅದೃಷ್ಟ. ಆಟಗಾರರೇ ಸಿಡಿದೆದ್ದರು, ಬಿಡುಗಡೆಯ ಮುನ್ನಾದಿನ ಸಂಸ್ಥೆ ಮಾರಾಟವನ್ನು ತಡೆಹಿಡಿಯಿತು. 2018ರಲ್ಲಿ ಅದು ಮರಳಿದಾಗ ಪಾತ್ರಗಳ ಅಲಂಕಾರಕ್ಕಷ್ಟೇ ಸೀಮಿತವಾಯಿತು. ಅದೇ ವರ್ಷ ಬೆಲ್ಜಿಯಂನ ಜೂಜು ಆಯೋಗವು ಬೇರೆ ಕೆಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ನಿರ್ಣಯಿಸಿತು.

ಇಲ್ಲಿ ನಷ್ಟವಾಗುವುದು ಹಣವೊಂದೇ ಅಲ್ಲ. ಎಲ್ಲರಿಗೂ ಒಂದೇ ನಿಯಮವೆಂಬುದು ಆಟದ ಜೀವಾಳ. ಅದನ್ನು ಹಣಕ್ಕೆ ಮಾರಿದ ಮೇಲೆ ಉಳಿಯುವುದು ವ್ಯಾಪಾರ, ಆಟವಲ್ಲ. ಶ್ರಮವಿಲ್ಲದೆ ಗೆಲುವನ್ನು ಕೊಳ್ಳಬಹುದೆಂದು ಇಂದು ಕಲಿತ ಬಾಲಕ ನಾಳೆ ಅಂಕಗಳನ್ನೂ ನೌಕರಿಯನ್ನೂ ಹಾಗೆಯೇ ಕೊಳ್ಳಲು ಹೊರಟಾನು.

ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ದಿನವಿಡೀ ದುಡಿದು ತಂದ ಕೂಲಿ ಬೆರಳ ತುದಿಯ ಒಂದು ಒತ್ತಿಗೆ ಕರಗಿಹೋಗಬಲ್ಲದು. ಪಾಲಕರೇ, ಮೊಬೈಲನ್ನು ಕಸಿದುಕೊಳ್ಳುವ ಮುನ್ನ ಮಗನ ಪಕ್ಕದಲ್ಲಿ ಕುಳಿತು ಶಾಂತವಾಗಿ ಕೇಳಿರಿ: "ಈ ಆಟದಲ್ಲಿ ಗೆದ್ದವನು ನೀನೋ, ನನ್ನ ಕೂಲಿಯೋ?"