ಏಟು ತಿನ್ನುವವರ ಕತ್ತಿ

“ಫೋಮ್ ತಾನೇ, ಏನಾಗುತ್ತೆ?”

ಆಟದ ಕತ್ತಿಯ ಮಾತು ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ನೋಡಲು ಪ್ರಶ್ನೆ, ನಿಜಕ್ಕೂ ತೀರ್ಪು. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಕತ್ತಿ ಮಾಡುವ ಹುಡುಗ ಹೀಗೆನ್ನುತ್ತಾನೆ, ಮಾರುವವರು ಹೀಗೆನ್ನುತ್ತಾರೆ, ಮನೆಯ ಹಿರಿಯರು ಸಮಾಧಾನಕ್ಕಾಗಿ ಹೀಗೆನ್ನುತ್ತಾರೆ. ಆಟ ನಡೆಸುವವರೂ ಹೀಗೆನ್ನಲು ಶುರುಮಾಡಿದರೆ ಮಾತ್ರ ಯಾರದೋ ಕಣ್ಣಿಗೋ ಹಲ್ಲಿಗೋ ಕುತ್ತು ಬಂತೆಂದೇ ತಿಳಿಯಬೇಕು. ಏಕೆಂದರೆ ಫೋಮ್ ತಾನಾಗಿ ಯಾರನ್ನೂ ಕಾಪಾಡುವುದಿಲ್ಲ. ಕಾಪಾಡುವುದು ಅದರೊಳಗೆ ಏನಿದೆ, ಅದು ಎಲ್ಲಿಗೆ ಮುಗಿಯುತ್ತದೆ, ಮುರಿದರೆ ಎತ್ತ ಹೋಗುತ್ತದೆ ಎಂದು ಯೋಚಿಸಿ ಮಾಡಿದ ಕೈ.

ಮಾತು ಲಾರ್ಪ್ ಬಗ್ಗೆ. ಲೈವ್ ಆಕ್ಷನ್ ರೋಲ್ ಪ್ಲೇಯಿಂಗ್ ಎಂಬುದರ ಚಿಕ್ಕ ರೂಪ. ವೇಷ ತೊಟ್ಟು, ಒಂದು ಪಾತ್ರವಾಗಿ, ಬಯಲಿನಲ್ಲೋ ಕಾಡಿನಲ್ಲೋ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒಂದು ಕತೆಯೊಳಗೆ ಇರುವ ಆಟ. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ 1977ರಲ್ಲಿ ಶುರುವಾದ ಡಾಗೋರ್ಹಿರ್, ಇಂಗ್ಲೆಂಡಿನ ಚೆಷೈರ್‌ನ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ಶುರುವಾದ ಟ್ರೆಷರ್ ಟ್ರ್ಯಾಪ್ ಈ ಆಟದ ಹಳೆಯ ಹೆಸರುಗಳು. ಇವತ್ತು ಜರ್ಮನಿಯ ಬೇಸಿಗೆ ಲಾರ್ಪ್‌ಗಳಲ್ಲಿ ಸಾವಿರಾರು ಜನ ಸೈನ್ಯಗಳಾಗಿ ನಿಲ್ಲುತ್ತಾರೆ. ಭಾರತದಲ್ಲಿ ಇದಿನ್ನೂ ಸಣ್ಣ ಹವ್ಯಾಸ. ಆದರೆ ಇದರ ನೆಂಟ ಕಾಸ್‌ಪ್ಲೇ ದೆಹಲಿ, ಮುಂಬೈ, ಬೆಂಗಳೂರು, ಹೈದರಾಬಾದಿನ ಕಾಮಿಕ್ ಕಾನ್‌ಗಳಲ್ಲಿ ಬೇರೂರಿ ವರ್ಷಗಳಾದವು. ಫೋಮ್ ಹಾಳೆ ಕತ್ತರಿಸಿ ಕತ್ತಿ ಮಾಡಬಲ್ಲ ಕೈಗಳು ಈ ನಗರಗಳಲ್ಲಿ ಬೇಕಾದಷ್ಟಿವೆ. ಆ ಕೈಗಳು ಕಾಳಗದ ಆಟದತ್ತ ತಿರುಗುವ ಮೊದಲೇ ಕೆಲವು ಮಾತು ಆಡಿಬಿಡುವುದು ಒಳ್ಳೆಯದು.

ಯಕ್ಷಗಾನದಲ್ಲೂ ಯುದ್ಧವಿದೆ, ಕಂಪನಿ ನಾಟಕದಲ್ಲೂ ಇತ್ತು. ಆದರೆ ಅಲ್ಲಿನ ಏಟು ಎಲ್ಲಿಂದ ಬರುತ್ತದೆಂದು ಇಬ್ಬರು ವೇಷಧಾರಿಗಳಿಗೂ ಗೊತ್ತು. ಹೆಜ್ಜೆಗೂ ತಾಳಕ್ಕೂ ಅದು ಕಟ್ಟುಬಿದ್ದಿರುತ್ತದೆ. ಕೋಲಾಟದಲ್ಲಿ ಕೋಲು ಕೋಲಿಗೆ ತಾಗಬೇಕೇ ಹೊರತು ಮೈಗಲ್ಲ. ಲಾರ್ಪಿನಲ್ಲಿ ಏಟು ಮೈಗೇ ಬೀಳಬೇಕು. ಅದೂ ಬೆನ್ನ ಹಿಂದಿನಿಂದ, ಕತ್ತಲಲ್ಲಿ, ಓಡುತ್ತಿರುವಾಗ, ಹೆಸರೂ ಗೊತ್ತಿಲ್ಲದವರ ಕೈಯಿಂದ. ಹಾಗಾಗಿ ಇಲ್ಲಿ ಆಯುಧ ಮಾಡುವ ಕಸುಬು ತಲೆಕೆಳಗಾಗುತ್ತದೆ. ಕಮ್ಮಾರ ಕತ್ತಿ ಮಾಡುವುದು ಹಿಡಿಯುವವರನ್ನು ನೆನೆದು: ಹಿಡಿ ಕೂರಬೇಕು, ತೂಕ ಹೊಂದಬೇಕು, ಅಲಗು ಕಚ್ಚಬೇಕು. ಲಾರ್ಪಿನ ಕತ್ತಿ ಮಾಡಬೇಕಾದದ್ದು ಏಟು ತಿನ್ನುವವರನ್ನು ನೆನೆದು. ದುಡ್ಡು ಕೊಡುವವರು ಯಾರೇ ಇರಲಿ, ನಿಜವಾದ ಗಿರಾಕಿ ಎದುರಾಳಿಯೇ. ಇದನ್ನು ಒಪ್ಪದವರು ಎಷ್ಟೇ ಚಂದದ ಕತ್ತಿ ಮಾಡಿದರೂ ಅದನ್ನು ಗೋಡೆಗೆ ತೂಗುಹಾಕುವುದು ಲೇಸು.

ಅಪಾಯ ಎಲ್ಲಿರುತ್ತದೆ ಎಂಬುದಕ್ಕೆ ಕತ್ತಿವರಸೆಯ ಕ್ರೀಡೆಯಲ್ಲೇ ಒಂದು ಪಾಠವಿದೆ. ಅಲ್ಲಿ ಬಳಸುವ ಫಾಯಿಲ್ ಎಂಬ ಕತ್ತಿಗೆ ಫ್ರೆಂಚಿನಲ್ಲಿ ಇರುವ ಹೆಸರು ಇಟಾಲಿಯನ್ ಭಾಷೆಯ ‘ಪುಟ್ಟ ಹೂ’ ಎಂಬ ಪದದಿಂದ ಬಂದದ್ದು; ಚುಚ್ಚದಿರಲೆಂದು ತುದಿಗೆ ಕೂರಿಸಿದ ಗುಂಡಿ ಮೊಗ್ಗಿನ ಹಾಗೆ ಕಾಣುತ್ತಿತ್ತು. 1982ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಆಡುತ್ತಿದ್ದರು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನ ಗೆದ್ದವರು. ಎದುರಾಳಿಯ ಫಾಯಿಲ್ ಮುರಿಯಿತು. ಮುರಿದ ಅಲಗು ಮುಖಗವಸಿನ ಜಾಲರಿಯನ್ನು ದಾಟಿ ಕಣ್ಣಿನ ಮೂಲಕ ಮೆದುಳಿಗೆ ಹೊಕ್ಕಿತು. ಕೆಲವೇ ದಿನಗಳಲ್ಲಿ ಸ್ಮಿರ್ನೋವ್ ತೀರಿಕೊಂಡರು. ತುದಿಯ ಮೊಗ್ಗು, ಮೈಮೇಲಿನ ಅಂಗಿ, ನಿಯಮ, ತೀರ್ಪುಗಾರರು, ಎಲ್ಲವೂ ಇದ್ದವು. ಕೊಂದದ್ದು ಮುರಿದ ಕತ್ತಿ. ಆಮೇಲೆ ಮುಖಗವಸಿಗೆ, ಅಂಗಿಗೆ, ಅಲಗಿನ ಉಕ್ಕಿಗೆ ಇದ್ದ ನಿಯಮಗಳು ಬಿಗಿಯಾದವು. ಉಕ್ಕಿನ ಕತ್ತಿಗೂ ಫೋಮಿನ ಕತ್ತಿಗೂ ಹೋಲಿಕೆಯೇ ಎಂದು ನಗುವವರು ಫೋಮಿನ ಕತ್ತಿಯ ಒಳಗನ್ನು ಒಮ್ಮೆ ನೋಡಬೇಕು.

ಅದರ ನಡುವೆ ಒಂದು ಕೋಲಿದೆ. ಆಡುವವರ ಬಾಯಲ್ಲಿ ಅದು ಕೋರ್. ಒಳ್ಳೆಯ ಕತ್ತಿಯಲ್ಲಿ ಅದು ಫೈಬರ್‌ಗ್ಲಾಸಿನದೋ ಕಾರ್ಬನ್ ಫೈಬರಿನದೋ ಆಗಿರುತ್ತದೆ. ಸುತ್ತ ಪ್ಲಾಸ್ಟಜೋಟ್‌ನಂಥ ಹಗುರವಾದ, ಒಳಗಿನ ಗುಳ್ಳೆಗಳು ಮುಚ್ಚಿಕೊಂಡಿರುವ ಫೋಮಿನ ಪದರಗಳು. ಅದರ ಮೇಲೆ ಬಣ್ಣ ಬೆರೆಸಿದ ಲೇಟೆಕ್ಸ್, ತೆಳ್ಳಗೆ, ಒಂದು ಲೇಪ ಒಣಗಿದ ಮೇಲೆ ಇನ್ನೊಂದು. ಕೋರ್ ಕತ್ತಿಯ ತುದಿಯವರೆಗೆ ಹೋಗಬಾರದು. ಕೆಲವು ಸೆಂಟಿಮೀಟರ್ ಮೊದಲೇ ನಿಲ್ಲಬೇಕು. ಅದರ ತಲೆಯನ್ನು ಉಜ್ಜಿ ದುಂಡಗೆ ಮಾಡಿ ಚರ್ಮವನ್ನೋ ಕೆವ್ಲಾರ್ ಬಟ್ಟೆಯನ್ನೋ ಹೊದಿಸಿ ಅಂಟಿಸಿರಬೇಕು. ಯಾಕೆಂದರೆ ಪ್ರತಿ ಏಟಿಗೂ ಕತ್ತಿ ಬಾಗುತ್ತದೆ. ಬಾಗಿದಾಗಲೆಲ್ಲ ಕೋರಿಗೂ ಫೋಮಿಗೂ ನಡುವಿನ ಅಂಟು ಒಂದಿಷ್ಟು ಬಿಡುತ್ತದೆ. ಅಂಟು ಬಿಟ್ಟ ಕೋಲು ಬಟ್ಟೆಯಲ್ಲಿ ಸೂಜಿ ಸರಿದ ಹಾಗೆ ಮೆಲ್ಲಗೆ ಮುಂದೆ ಸರಿಯುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಒಂದು ದಿನ ಫೋಮಿನ ತುದಿಯಿಂದ ಅದು ಹೊರಬಂದರೆ ಕೈಯಲ್ಲಿರುವುದು ಆಟಿಕೆಯಲ್ಲ, ಈಟಿ.

ಆದ್ದರಿಂದಲೇ ಅನುಭವಸ್ಥರ ಆಟಗಳಲ್ಲಿ ಮಾಮೂಲಿ ಲೇಟೆಕ್ಸ್ ಕತ್ತಿಯಿಂದ ತಿವಿಯುವಂತಿಲ್ಲ. ತಿವಿಯಬೇಕೆಂದರೆ ಮೆತ್ತಗಿನ ದಪ್ಪ ತುದಿಯನ್ನು ಅದಕ್ಕೆಂದೇ ಕಟ್ಟಿದ ಆಯುಧ ಬೇಕು. ಎಸೆಯುವ ಚಾಕುವಿನೊಳಗೆ ಕೋರ್ ಇರುವಂತೆಯೇ ಇಲ್ಲ. ಬಾಣದ ಫೋಮ್ ತಲೆ ಕಣ್ಣಿನ ಗುಳಿಗಿಂತ ಅಗಲವಾಗಿರಬೇಕು. ಬಿಲ್ಲಿನ ಸೆಳೆತಕ್ಕೂ ಮಿತಿಯಿದೆ, ಹಲವು ಕಡೆ ಅದು 30 ಪೌಂಡ್. ಇವನ್ನೆಲ್ಲ ಯಾರೋ ಕುಳಿತು ಆಟ ಕೆಡಿಸಲೆಂದು ಬರೆದದ್ದಲ್ಲ. ಒಂದೊಂದು ನಿಯಮದ ಹಿಂದೆಯೂ ಮನುಷ್ಯರ ಮೈಯ ಅಳತೆಯಿದೆ.

ಫೋಮ್ ಕೂಡ ಎಲ್ಲವೂ ಒಂದೇ ಅಲ್ಲ. ಏಟಿನ ಬಲವನ್ನು ಹೆಚ್ಚು ಹೊತ್ತಿಗೆ, ಹೆಚ್ಚು ಜಾಗಕ್ಕೆ ಹರಡುವುದಷ್ಟೇ ಅದರ ಕೆಲಸ. ಪೂರ್ತಿ ಅದುಮಿಹೋದ ಕ್ಷಣಕ್ಕೆ ಆ ಕೆಲಸ ಮುಗಿಯಿತು. ಉಳಿದ ಬಲವೆಲ್ಲ ಕೋಲಿನದು. ಹಾಸಿಗೆಯ ಸ್ಪಂಜು ಮುಟ್ಟಿದರೆ ಮೆತ್ತಗಿರುತ್ತದೆ, ಏಟಿಗೆ ತಟಕ್ಕನೆ ಕುಸಿಯುತ್ತದೆ. ಜಿಮ್ಮಿನ ನೆಲಕ್ಕೆ ಹಾಸುವ ಇವಿಎ ಹಾಳೆ ಕುಸಿಯುವುದಿಲ್ಲ, ಆದರೆ ಅಷ್ಟು ಗಟ್ಟಿಯಾದದ್ದನ್ನು ತೆಳ್ಳಗೆ ಕತ್ತರಿಸಿ ಅಂಚು ಮಾಡಿದರೆ ಅದು ತಾನೇ ಒಂದು ಪಟ್ಟಿಯಾಗುತ್ತದೆ. ಬೆರಳಿನಿಂದ ಒತ್ತಿ ನೋಡಿ “ಮೆತ್ತಗಿದೆ” ಎನ್ನುವುದು ಪರೀಕ್ಷೆಯೇ ಅಲ್ಲ. ಬೀಸಿ ಹೊಡೆದಾಗ ಒಳಗಿನ ಕೋಲು ಮೈಗೆ ತಿಳಿಯುತ್ತದೆಯೇ ಎಂಬುದು ಪರೀಕ್ಷೆ. ಆ ಮೊದಲ ಏಟನ್ನು ಕತ್ತಿ ಮಾಡಿದವರೇ ತಿನ್ನಬೇಕು, ತಮ್ಮ ತೊಡೆಯ ಮೇಲೆ, ಗೆಳೆಯರ ಕೈಯಿಂದ. ಅದಕ್ಕೆ ಹಿಂಜರಿಯುವವರಿಗೆ ಆ ಕತ್ತಿಯನ್ನು ಬೇರೆಯವರ ಮೇಲೆ ಎತ್ತುವ ಹಕ್ಕಿಲ್ಲ.

ಇಲ್ಲಿಯೇ ಕಾಸ್‌ಪ್ಲೇಯಿಂದ ಬರುವವರು ಎಡವುವುದು. ಕಾಸ್‌ಪ್ಲೇಯ ಕತ್ತಿ ಕ್ಯಾಮೆರಾಗಾಗಿ ಹುಟ್ಟಿದ್ದು. ಅದರೊಳಗೆ ಪಿವಿಸಿ ಪೈಪಿರಬಹುದು, ಹಿಡಿಯಲ್ಲಿ ತಂತಿ, ಅಲಂಕಾರಕ್ಕೆ ತ್ರೀಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್, ಮೇಲೆ ಗಟ್ಟಿಯಾಗಿ ಒಣಗಿದ ಬಣ್ಣ. ಫೋಟೊಗೆ ನಿಲ್ಲುವವರೆಗೆ ಅದರಲ್ಲಿ ಯಾವ ತಪ್ಪೂ ಇಲ್ಲ. ಅದೊಂದು ಸೊಗಸಾದ ಕಲೆ. ಅದನ್ನೇ ಬಯಲಿಗೆ ತಂದು ಬೀಸುವುದು ತಪ್ಪು. ಬಿಸಿಲು ತಿಂದ ಪಿವಿಸಿ ಪೆಡಸಾಗಿ, ಮುರಿದಾಗ ಚೂಪಾದ ಚೂರಾಗುತ್ತದೆ. ಬಿದಿರು ಉದ್ದಕ್ಕೆ ಸೀಳಿ ಸಿಬಿರೇಳುತ್ತದೆ. ಎರಡು ಕತ್ತಿಗಳು ಫೋಟೊದಲ್ಲಿ ಅವಳಿಗಳಂತೆ ಕಂಡರೂ ಒಂದರ ಒಳಗೆ ಯೋಚನೆಯಿದೆ, ಇನ್ನೊಂದರ ಒಳಗೆ ಸಿಕ್ಕಿದ್ದೆಲ್ಲ ಇದೆ. ಹತ್ತು ನಿಮಿಷದ ವಿಡಿಯೊದಲ್ಲಿ “ಮನೆಯಲ್ಲೇ ಕಾಳಗದ ಕತ್ತಿ” ಮಾಡಿ ತೋರಿಸುವವರು ಈ ವ್ಯತ್ಯಾಸದ ಬಗ್ಗೆ ಒಂದು ಮಾತೂ ಆಡದಿದ್ದರೆ ಅವರು ಕಲಿಸುತ್ತಿರುವುದು ಕಸುಬನ್ನಲ್ಲ, ಉಡಾಫೆಯನ್ನು.

ಇದಕ್ಕೆ ಬರುವ ಆಕ್ಷೇಪಗಳು ಮೂರು. ಮೊದಲನೆಯದು ದುಡ್ಡಿನದು: ವಿದೇಶದ ಫೋಮ್, ಫೈಬರ್‌ಗ್ಲಾಸ್ ಕೋಲು ಎಲ್ಲಿಂದ ತರುವುದು? ನ್ಯಾಯವಾದ ಪ್ರಶ್ನೆ, ಆದರೆ ಇದಕ್ಕೆ ಹಳೆಯ ಉತ್ತರವಿದೆ. ಈ ಆಟ ಶುರುವಾದಾಗ ಯಾರ ಬಳಿಯೂ ಲೇಟೆಕ್ಸಿನ ಸುಂದರ ಕತ್ತಿ ಇರಲಿಲ್ಲ. ಒಂದು ಕೋಲು, ಸುತ್ತ ದಪ್ಪ ಫೋಮ್, ಮೇಲೆ ಬಟ್ಟೆಯ ಟೇಪು. ಅದನ್ನು ಬಾಫರ್ ಎಂದರು. ಎಸಿ ಪೈಪಿಗೆ ಸುತ್ತುವ ಫೋಮ್ ಕೊಳವೆ, ಈಜುಕೊಳದ ನೂಡಲ್, ಎರಡೂ ತುದಿಗೆ ಸರಿಯಾಗಿ ಟೊಪ್ಪಿ ಹಾಕಿದ ಹೊಸ ಪೈಪು, ಬಟ್ಟೆಯ ಹೊದಿಕೆ, ಇಷ್ಟರಲ್ಲೇ ಒಂದು ಮರ್ಯಾದಸ್ಥ ಬಾಫರ್ ಆಗುತ್ತದೆ. ಪೈಪು ಹಳತಾಗುವ ಮೊದಲೇ ಬದಲಿಸಬೇಕು, ಅಷ್ಟೆ. ನೋಡಲು ಅದು ಹಾಗಲಕಾಯಿಯಂತೆ ಇರಬಹುದು. ಇರಲಿ. ಚಂದದ ಅಪಾಯಕ್ಕಿಂತ ವಿಕಾರದ ಕ್ಷೇಮ ಮೇಲು. ದುಡ್ಡಿಲ್ಲ ಎನ್ನುವುದು ಕುರೂಪಕ್ಕೆ ಕಾರಣವಾಗಬಹುದೇ ಹೊರತು ಗಾಯಕ್ಕಲ್ಲ.

ಎರಡನೆಯದು ಗಂಡಸುತನದ್ದು: “ನಾವು ಚಿಕ್ಕವರಿದ್ದಾಗ ಕಬ್ಬಿನ ಜಲ್ಲೆಯಲ್ಲಿ, ಕೋಲಿನಲ್ಲಿ ಹೊಡೆದಾಡಲಿಲ್ಲವೇ?” ಹೊಡೆದಾಡಿದರು, ನಿಜ. ಆ ಮಾತು ಹೇಳುತ್ತಿರುವವರು ಎರಡೂ ಕಣ್ಣು ಉಳಿಸಿಕೊಂಡವರು ಎಂಬುದೂ ನಿಜ. ಉಳಿಯದವರು ಈ ವಾದಕ್ಕೆ ಸಾಕ್ಷಿಯಾಗಿ ಬರುವುದಿಲ್ಲ.

ಮೂರನೆಯದು, ಎಚ್ಚರ ಹೆಚ್ಚಾದರೆ ಆಟದ ಮಜಾ ಹೋಗುತ್ತದೆ ಎಂಬುದು. ಇದು ಪೂರಾ ಉಲ್ಟಾ. ಜಪಾನಿನಲ್ಲಿ ಮರದ ಕತ್ತಿಯ ಅಭ್ಯಾಸದಲ್ಲಿ ಏಟನ್ನು ಮೈಗೆ ತಾಗುವ ಮೊದಲೇ ತಡೆಯಬೇಕಿತ್ತು. 18ನೇ ಶತಮಾನದ ಆರಂಭದಲ್ಲಿ ಬಿದಿರಿನ ಸೀಳುಗಳ ಕತ್ತಿಯೂ ತಲೆ, ಕೈ, ಎದೆಯ ಕವಚವೂ ರೂಪುಗೊಂಡ ಮೇಲೆ ಪೂರ್ಣ ಬಲದಿಂದ ಹೊಡೆಯಲು ಸಾಧ್ಯವಾಯಿತು. ಇವತ್ತಿನ ಕೆಂಡೊ ಬೆಳೆದದ್ದು ಅಲ್ಲಿಂದ. ಲಾರ್ಪಿನಲ್ಲೂ ಹಾಗೆಯೇ. ಎದುರಿನ ಕತ್ತಿಯ ಮೇಲೆ ಭರವಸೆ ಇದ್ದರೆ ಮಾತ್ರ ಆಡುವವರು ರಾಕ್ಷಸನಾಗಿ ಅಬ್ಬರಿಸಬಲ್ಲರು, ಸೋತು ಬೀಳಬಲ್ಲರು. ಭರವಸೆ ಇಲ್ಲದಿದ್ದರೆ ಪಾತ್ರ ಕಳಚುತ್ತದೆ, ಮುಖ ಮುಚ್ಚಿಕೊಂಡ ಮನುಷ್ಯ ಉಳಿಯುತ್ತಾನೆ.

ಇನ್ನು ಆಟ ನಡೆಸುವವರು. ಆಟಕ್ಕೆ ಮೊದಲು ಪ್ರತಿ ಆಯುಧವನ್ನೂ ಒಬ್ಬರು ಕೈಗೆತ್ತಿಕೊಂಡು ಬಾಗಿಸಿ, ತುದಿ ಒತ್ತಿ, ಅಂಚು ಸವರಿ ನೋಡುವ ಪದ್ಧತಿ ಎಲ್ಲ ಒಳ್ಳೆಯ ಆಟಗಳಲ್ಲೂ ಇದೆ. ಇದನ್ನು ಅವಮಾನವೆಂದು ಭಾವಿಸುವ ಕಸುಬುದಾರರಿದ್ದಾರೆ. “ನಾನೇ ಮಾಡಿದ್ದು, ನನಗೆ ಗೊತ್ತಿಲ್ಲವೇ?” ಗೊತ್ತಿರುವುದು ಕತ್ತಿ ಮಾಡಿದ ದಿನದ ಸ್ಥಿತಿ. ಆಮೇಲೆ ಅದು ಬೇಸಿಗೆಯ ಕಾರಿನ ಡಿಕ್ಕಿಯಲ್ಲಿ ಬೆಂದಿರಬಹುದು. ಬಿಸಿಲು, ಶಾಖ, ಎಣ್ಣೆ ಮೂರೂ ಲೇಟೆಕ್ಸಿಗೆ ಶತ್ರುಗಳು. ಮುಂಬೈ ಮಳೆಗಾಲದಲ್ಲಿ ಲೇಪ ಒಳಗೊಳಗೆ ಹಸಿಯಾಗಿಯೇ ಉಳಿದಿರಬಹುದು. ತುದಿಯ ಮೇಲೆ ನಿಲ್ಲಿಸಿಟ್ಟು ಫೋಮ್ ನುಗ್ಗಾಗಿರಬಹುದು. ಇನ್ನು ಕೆಲವು ಸಂಘಟಕರಿಗೆ ಪರೀಕ್ಷೆಗಿಂತ ಸಹಿ ಸುಲಭ: “ಗಾಯವಾದರೆ ನಾವು ಹೊಣೆಯಲ್ಲ” ಎಂಬ ಕಾಗದ. ಕಾಗದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಕತ್ತಿಯೊಳಗಿನ ಕೋಲು ತುದಿಯಿಂದ ಹಿಂದೆ ಸರಿಯುವುದಿಲ್ಲ. ಐವತ್ತು ಕತ್ತಿ ನೋಡಲು ಸಮಯವಿಲ್ಲದವರು ಐವತ್ತು ಜನರ ಆಟ ನಡೆಸಬಾರದು.

ಮಾಡುವವರ ಮೈಯೂ ಈ ಲೆಕ್ಕದಲ್ಲಿದೆ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಬದಿಗೆ ಬಳಿದು, ಅದರ ದ್ರಾವಕ ಆರುವವರೆಗೆ ಕಾದು, ಆಮೇಲೆ ಅದುಮುವುದು ಕ್ರಮ. ಆ ಕಾಯುವ ಹೊತ್ತಿನಲ್ಲಿ ಆರಿಹೋಗುವುದು ಎಲ್ಲಿಗೆ? ಕಿಟಕಿ ಮುಚ್ಚಿದ ಒಂದು ಕೋಣೆಯ ಮನೆಯಲ್ಲಿ ನೇರ ಎದೆಗೂಡಿಗೆ. ಬಾಲ್ಕನಿ, ಮಹಡಿಯ ಮೇಲೆ, ತೆರೆದ ಬಾಗಿಲು, ದ್ರಾವಕದ ಆವಿ ತಡೆಯುವ ಮಾಸ್ಕ್ ಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಫೋಮ್ ಉಜ್ಜಿದ ಧೂಳಿಗೂ ಎಚ್ಚರ ಬೇಕು. ಲೇಟೆಕ್ಸ್ ಕೆಲವರ ಮೈಗೆ ಆಗುವುದಿಲ್ಲ, ಅಲರ್ಜಿ ಜೀವಕ್ಕೇ ಬರುವಷ್ಟಿರಬಹುದು; ಆಟಕ್ಕೆ ಬರುವವರನ್ನು ಮೊದಲೇ ಕೇಳಿಕೊಳ್ಳಬೇಕು. ತನ್ನ ಉಸಿರನ್ನೇ ಲೆಕ್ಕಕ್ಕಿಡದ ಕೈ ಬೇರೆಯವರ ಕಣ್ಣನ್ನು ಲೆಕ್ಕಕ್ಕಿಡುತ್ತದೆಂದು ನಂಬುವುದು ಕಷ್ಟ.

ಒಂದು ಹವ್ಯಾಸ ಚಿಕ್ಕದಾಗಿರುವಾಗಲೇ ಅದರ ಅಭ್ಯಾಸಗಳು ಕಟ್ಟಿಕೊಳ್ಳುತ್ತವೆ. ಈಗ ಹತ್ತು ಜನ ಉಡಾಫೆಯಿಂದ ಆಡಿದರೆ ಮುಂದೆ ನೂರು ಜನ ಅದನ್ನೇ ಸಂಪ್ರದಾಯ ಎನ್ನುತ್ತಾರೆ. ಒಂದು ಕಣ್ಣು ಹೋದ ಮೇಲೆ ನಿಯಮ ಮಾಡುವುದು ಸುಲಭ. ರೋಮ್‌ನಲ್ಲಿ ಆದದ್ದೂ ಅದೇ. ಅದಕ್ಕೆ ಮೊದಲೇ ಮಾಡುವುದಕ್ಕೆ ಬೇಕಾದದ್ದು ಒಂದು ಸಣ್ಣ ಬದಲಾವಣೆ. ಮುಂದಿನ ಸಲ ಯಾರಾದರೂ “ಫೋಮ್ ತಾನೇ, ಏನಾಗುತ್ತೆ?” ಎಂದಾಗ ಅದನ್ನು ನಿಜವಾದ ಪ್ರಶ್ನೆಯಾಗಿಯೇ ತೆಗೆದುಕೊಳ್ಳುವುದು. ಕತ್ತಿಯನ್ನು ಅವರ ಕೈಯಿಂದ ಇಸಿದುಕೊಂಡು, ತುದಿ ಒತ್ತಿ ನೋಡಿ, ಒಳಗಿನ ಕೋಲು ಎಲ್ಲಿಗೆ ಮುಗಿಯುತ್ತದೆಂದು ಕೇಳುವುದು. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಆ ಕತ್ತಿ ಅವತ್ತು ಚೀಲದಲ್ಲೇ ಇರಲಿ.