ಯಂತ್ರ ಬಂದರೆ ಸಾಲದು, ಕಲಿಸುವ ಕೈ ಬೇಕು



ಪಡಿತರ, ಪಹಣಿ, ಪಿಂಚಣಿ, ಗೃಹಲಕ್ಷ್ಮಿ ಎಲ್ಲಕ್ಕೂ ಇಂದು ಮೊಬೈಲು, ಆಧಾರ್, ಒಟಿಪಿ ಬೇಕು. ಕಳೆ ಕಿತ್ತು, ಪಾತ್ರೆ ತಿಕ್ಕಿ ಗೆರೆ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಸಂದೇಶ ಓದಲು ಬಾರದ ಅಜ್ಜಿ ಫೋನನ್ನೇ ಅಪರಿಚಿತರ ಕೈಗೆ ಕೊಟ್ಟು, "ನೀವೇ ನೋಡಿ" ಎನ್ನುತ್ತಾಳೆ. ಮೋಸ ಹೊಗುವುದು ಆ ಗಳಿಗೆಯಲ್ಲೇ. ಕಲಿಸಲು ಊರಲ್ಲೇ ಜಾಗವಿದೆ: ಕರ್ನಾಟಕದ ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಪಂಚಾಯಿತಿಗಳ ಸುಪರ್ದಿಗೆ ಬಂದವು. ಈಗ 'ಅರಿವು ಕೇಂದ್ರ'ಗಳಾಗಿವೆ, ಹಲವೆಡೆ ಕಂಪ್ಯೂಟರುಗಳೂ ಇವೆ. ಆದರೆ ಅವುಗಳ ಮುಂದೆ ಆ ಅಜ್ಜಿಯನ್ನು ಕೂರಿಸಿ ಕಲಿಸುವವರು ಯಾರು? ಊರಿನ ಸ್ವಯಂಸೇವಕರೇ ಕಲಿಸಬಲ್ಲರು. ಅವರಿಗೆ ಸರ್ಕಾರದ ನೀತಿಯಲ್ಲೇ ಸ್ಥಾನ ಸಿಗಬೇಕೆಂಬುದು ನಮ್ಮ ಒತ್ತಾಯ.

ಇದು ಬರಿಯ ಆಸೆಯಲ್ಲ. ಕೇರಳದ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿ ಇದನ್ನು ಮಾಡಿ ತೋರಿಸಿದೆ. ಅಲ್ಲಿ ವಿದ್ಯಾರ್ಥಿಗಳು, ಕುಡುಂಬಶ್ರೀ ಎಂಬ ಸ್ವಸಹಾಯ ಜಾಲದ ಮಹಿಳೆಯರು ಮನೆಮನೆಗೆ ಹೋದರು. ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲೇ ಪಾಠ ಮಾಡಿದರು. ಜನರನ್ನು ತರಗತಿಗೆ ಕರೆಯದೆ, ತರಗತಿಯನ್ನೇ ಜನರಿದ್ದಲ್ಲಿಗೆ ಒಯ್ದದ್ದೇ ಅದರ ಗುಟ್ಟು. 2022ರಲ್ಲಿ ಆ ಪಂಚಾಯಿತಿ ಪೂರ್ಣ ಡಿಜಿಟಲ್ ಸಾಕ್ಷರವೆಂದು ಘೋಷಣೆಯಾಯಿತು. ಅದೇ ದಾರಿ ಹಿಡಿದ ಇಡೀ ರಾಜ್ಯ 2025ರ ಆಗಸ್ಟ್‌ನಲ್ಲಿ ಅದೇ ಘೋಷಣೆ ಮಾಡಿತು. ಸರ್ಕಾರದ ಲೆಕ್ಕದಂತೆ ಸುಮಾರು 83 ಲಕ್ಷ ಮನೆಗಳ ಸಮೀಕ್ಷೆ ನಡೆಯಿತು, 21 ಲಕ್ಷಕ್ಕೂ ಹೆಚ್ಚು ಜನ ಕಲಿತರು, ಎರಡೂವರೆ ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ದುಡಿದರು. ನಮಗೂ ಇದು ಅಪರಿಚಿತವಲ್ಲ: 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮ ಹಳ್ಳಿಗಳಲ್ಲೂ ಅಕ್ಷರ ತಿದ್ದಿಸಿದವರು ಸ್ವಯಂಸೇವಕರೇ.

"ಇದು ಬಿಟ್ಟಿ ಚಾಕರಿಯಲ್ಲವೇ?" ಎಂದು ಕೇಳುವವರಿದ್ದಾರೆ. ಆತಂಕ ನ್ಯಾಯವಾದದ್ದೇ. ಆದ್ದರಿಂದಲೇ ನಾವು ಹೇಳುತ್ತೇವೆ: ಗ್ರಂಥಪಾಲಕರಿಗೆ ಪೂರ್ಣ ಸಂಬಳ ಸಿಗಲಿ, ಸ್ವಯಂಸೇವಕರು ಅವರಿಗೆ ಹೆಗಲು ಕೊಡಲಿ, ಆದರೆ ಅವರ ಕುರ್ಚಿಗೆ ಬರುವುದು ಬೇಡ. ಓಡಾಟದ ಖರ್ಚನ್ನು ಪಂಚಾಯಿತಿ ಭರಿಸಲಿ. "ಪಕ್ಷದ ಏಜೆಂಟರಾದರೆ?" ಎಂಬುದು ಇನ್ನೊಂದು ಪ್ರಶ್ನೆ. ಆಂಧ್ರದಲ್ಲಿ 2019ರಿಂದ ಹಳ್ಳಿಗಳಲ್ಲಿ ಸುಮಾರು 50 ಮನೆಗೊಬ್ಬರಂತೆ, ಗೌರವಧನ ಪಡೆಯುವ 'ವಾಲಂಟಿಯರ್'ಗಳಿದ್ದರು. 2024ರ ಚುನಾವಣೆಯ ಹೊತ್ತಿಗೆ ಅವರು ಪಿಂಚಣಿ ಹಂಚದಂತೆ ಚುನಾವಣಾ ಆಯೋಗ ತಡೆಯಬೇಕಾಯಿತು. ಹಣ ಮತ್ತು ಫಲಾನುಭವಿಗಳ ಪಟ್ಟಿ ಅವರ ಕೈಯಲ್ಲಿದ್ದದ್ದೇ ಅಲ್ಲಿನ ತೊಡಕು. ನಾವು ಕೇಳುವ ಸ್ವಯಂಸೇವಕರು ಹಣ ಮುಟ್ಟುವುದಿಲ್ಲ, ಯಾರ ಪಾಸ್‌ವರ್ಡನ್ನೂ ಬರೆದಿಟ್ಟುಕೊಳ್ಳುವುದಿಲ್ಲ, ಕಲಿಸುತ್ತಾರೆ, ಅಷ್ಟೆ. ಅವರ ಆಯ್ಕೆ, ಲೆಕ್ಕ ಎರಡೂ ಗ್ರಾಮಸಭೆಯ ಮುಂದೆ ನಡೆಯಲಿ.

ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. "ನಮ್ಮ ಅರಿವು ಕೇಂದ್ರದಲ್ಲಿ ಕಲಿಸುವವರು ಯಾರು?" ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಮೇಲೇಳಬೇಡಿ.